ಮೊದಲು ಹಿಮ್ಮಡಿಯ ರಕ್ತ, ಆಮೇಲೆ ಜೀನ್ ಪರೀಕ್ಷೆ

(ಹಾಸನದಲ್ಲಿ ಗರ್ಭಿಣಿಯರು, ಅವರ ಮನೆಯವರು, ನರ್ಸಿಂಗ್ ವಿದ್ಯಾರ್ಥಿಗಳು ಮತ್ತು ಆಶಾ ಕಾರ್ಯಕರ್ತೆಯರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನು ಕೊನೆಗೆ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಹೆರಿಗೆಯಾದ ಮಾರನೇ ದಿನ ವಾರ್ಡಿಗೆ ಒಂದು ಬಣ್ಣದ ಕರಪತ್ರ ಬರುತ್ತದೆ. ಮಗುವಿನ ಕೆಲವೇ ಹನಿ ರಕ್ತದಲ್ಲಿ ನೂರಾರು ಕಾಯಿಲೆಗಳ ಜೀನ್ ಪರೀಕ್ಷೆ, ಇಷ್ಟವಿದ್ದರೆ ಮಾಡಿಸಿ ಎಂದಿರುತ್ತದೆ. ದುಡ್ಡು ಕಟ್ಟಬೇಕಾದ ಅಪ್ಪ ಅತ್ತ ನೋಡುತ್ತಾನೆ, ಅಜ್ಜಿ ಇತ್ತ ನೋಡುತ್ತಾರೆ. "ಬೇಡ ಅಂದ್ರೆ ನಾಳೆ ಏನಾದ್ರೂ ಆದ್ರೆ?" ಅನ್ನುವ ಅಳುಕಿನಲ್ಲೇ ಸಹಿ ಬೀಳುತ್ತದೆ. ಆ ಸಹಿಗೆ ಮೊದಲು ತಿಳಿದಿರಬೇಕಾದ್ದನ್ನು ಹೇಳುವುದಕ್ಕೆ ಇವತ್ತು ಬಂದಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಜೀನ್ ಪರೀಕ್ಷೆ ತಪ್ಪಲ್ಲ. ಆದರೆ ಹಿಮ್ಮಡಿ ಚುಚ್ಚಿ ಮಾಡುವ ಹಳೆಯ, ಅಗ್ಗದ ಪರೀಕ್ಷೆಯನ್ನು ಬಿಟ್ಟು ಇದೊಂದನ್ನೇ ಮಾಡಿಸುವುದು ತಪ್ಪು.

ಹಳೆಯ ಪರೀಕ್ಷೆ ಎಂದರೆ ಎಷ್ಟು ಹಳೆಯದು? 1960ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಗಥ್ರಿ ಎಂಬ ವೈದ್ಯ ವಿಜ್ಞಾನಿ, ಹೀರುಕಾಗದದ ಮೇಲೆ ಒಣಗಿಸಿದ ರಕ್ತದಿಂದ ಫೀನೈಲ್‌ಕೀಟೋನೂರಿಯಾ ಎಂಬ ಕಾಯಿಲೆಯನ್ನು ಪತ್ತೆ ಮಾಡಿ ತೋರಿಸಿದರು. ಒಣಗಿದ ಕಾಗದವನ್ನು ಅಂಚೆಯಲ್ಲಿ ಕಳಿಸಬಹುದು, ಐಸ್ ಪೆಟ್ಟಿಗೆ ಬೇಡ. ಅದೇ ದೊಡ್ಡ ಅನುಕೂಲ. ನಮ್ಮ ಕರ್ನಾಟಕವೂ ಇದಕ್ಕೆ ಹೊಸದಲ್ಲ. 1980ರ ದಶಕದಲ್ಲೇ ಇಲ್ಲಿ ಲಕ್ಷದ ಆಸುಪಾಸಿನಷ್ಟು ನವಜಾತ ಶಿಶುಗಳ ರಕ್ತದಲ್ಲಿ ಅಮೈನೋ ಆಮ್ಲದ ದೋಷಗಳನ್ನು (ಪ್ರೋಟೀನಿನ ಈ ಘಟಕಗಳನ್ನು ದೇಹ ಸರಿಯಾಗಿ ಬಳಸಲಾಗದ ಕಾಯಿಲೆಗಳನ್ನು) ಹುಡುಕಿದ ಅಧ್ಯಯನ ನಡೆದಿದೆ. ಆದರೂ ದೇಶದಲ್ಲಿ ಇದು ಇಂದಿಗೂ ಕಡ್ಡಾಯವಲ್ಲ. ಗೋವಾ 2008ರಲ್ಲಿ ಸರ್ಕಾರಿ ಮಟ್ಟದಲ್ಲಿ ಶುರುಮಾಡಿತು, ಕೇರಳ ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ನಾಲ್ಕು ಕಾಯಿಲೆಗಳಿಗೆ ಮಾಡುತ್ತದೆ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟು ಥೈರಾಯ್ಡ್ ಕೊರತೆ, ರಕ್ತದ ಹುಟ್ಟುಕಾಯಿಲೆಗಳಾದ ಸಿಕಲ್ ಸೆಲ್, ಥಲಸ್ಸೀಮಿಯಾ ಮೂರೂ ಐಚ್ಛಿಕದ ಸಾಲಿನಲ್ಲಿವೆ. ಅಂದರೆ ನೀವು ಕೇಳದಿದ್ದರೆ ಆಗದೇ ಹೋಗಬಹುದು. ಕೇಳಿ.

ಒಂದೇ ಒಂದು ಪರೀಕ್ಷೆ ಮಾಡಿಸುವಷ್ಟು ಮಾತ್ರ ನಿಮಗೆ ಶಕ್ತಿ ಇದೆ ಎಂದರೆ ಅದು ಥೈರಾಯ್ಡ್‌ನದ್ದಾಗಿರಲಿ. ಭಾರತದಲ್ಲಿ ಸುಮಾರು ಸಾವಿರದ ನೂರು ಮಕ್ಕಳಿಗೆ ಒಂದು ಮಗುವಿಗೆ ಹುಟ್ಟಿನಿಂದ ಥೈರಾಯ್ಡ್ ಹಾರ್ಮೋನಿನ ಕೊರತೆ ಇರುತ್ತದೆ. ಹುಟ್ಟಿದಾಗ ಮಗು ನೋಡಲು ಚೆನ್ನಾಗಿಯೇ ಇರುತ್ತದೆ, ಏಕೆಂದರೆ ತಾಯಿಯ ಹಾರ್ಮೋನು ಅಷ್ಟಿಷ್ಟು ದಾಟಿ ಬಂದಿರುತ್ತದೆ. ಒಂದೆರಡು ತಿಂಗಳಲ್ಲಿ ಮಲಬದ್ಧತೆ, ದಪ್ಪ ನಾಲಿಗೆ, ಹೊಕ್ಕುಳು ಉಬ್ಬುವುದು, ಮುಗಿಯದ ಕಾಮಾಲೆ ಕಾಣಿಸಿಕೊಳ್ಳುತ್ತವೆ. ಅಷ್ಟರಲ್ಲಿ ಮನೆಯವರು "ಎಷ್ಟು ಸಾಧು ಮಗು ಕಣೇ, ಅಳೋದೇ ಇಲ್ಲ, ಮಲಗಿದ್ರೆ ಎದ್ದೇಳೋದೇ ಇಲ್ಲ" ಎಂದು ಹೊಗಳುತ್ತಿರುತ್ತಾರೆ. ಈ ಹೊಗಳಿಕೆ ಕಿವಿಗೆ ಬಿದ್ದರೆ ಆಶಾ ಕಾರ್ಯಕರ್ತೆಯರು ಒಮ್ಮೆ ನಿಂತು ಕೇಳಬೇಕು: ಟಿಎಸ್‌ಎಚ್ ಮಾಡಿಸಿದ್ದೀರಾ? (ಥೈರಾಯ್ಡ್ ಗ್ರಂಥಿಯನ್ನು ಎಬ್ಬಿಸುವ ಹಾರ್ಮೋನು ಇದು; ಥೈರಾಯ್ಡ್ ಕಡಿಮೆಯಾದರೆ ಇದು ಏರುತ್ತದೆ.) ಚಿಹ್ನೆ ಕಾಣುವ ಹೊತ್ತಿಗೆ ಮಿದುಳಿಗೆ ಆದ ನಷ್ಟ ಪೂರ್ತಿ ಹಿಂದಿರುಗುವುದಿಲ್ಲ. ಎರಡು ವಾರದೊಳಗೆ ಮಾತ್ರೆ ಶುರುವಾದರೆ ಮಗು ಓರಗೆಯ ಮಕ್ಕಳಂತೆಯೇ ಓದುತ್ತದೆ.

ರಕ್ತ ಯಾವಾಗ ತೆಗೆಯಬೇಕು ಎನ್ನುವುದರಲ್ಲೇ ಅರ್ಧ ಕೆಲಸವಿದೆ. ಹೊಟ್ಟೆಯೊಳಗಿನ ಬೆಚ್ಚಗಿನಿಂದ ಹೊರಗಿನ ಚಳಿಗೆ ಬಂದ ಅರ್ಧ ಗಂಟೆಯಲ್ಲಿ ಎಲ್ಲ ಮಕ್ಕಳಲ್ಲೂ ಟಿಎಸ್‌ಎಚ್ 60–80ರ ತನಕ ಚಿಮ್ಮುತ್ತದೆ, ಆಮೇಲೆ ದಿನದಿಂದ ದಿನಕ್ಕೆ ಇಳಿಯುತ್ತದೆ. 12 ಗಂಟೆಗೇ ಚುಚ್ಚಿದರೆ ಆರೋಗ್ಯವಂತ ಮಗುವೂ ರೋಗಿಯಂತೆ ಕಾಣುತ್ತದೆ. ಹಾಗಾಗಿ 48ರಿಂದ 72 ಗಂಟೆ ಸರಿಯಾದ ಹೊತ್ತು. ಸಹಜ ಹೆರಿಗೆಯಾಗಿ ಅದಕ್ಕೂ ಮೊದಲೇ ಮನೆಗೆ ಹೊರಟವರಿಗೆ ಹೊಕ್ಕುಳಬಳ್ಳಿಯ ರಕ್ತದಲ್ಲಿ ಟಿಎಸ್‌ಎಚ್ ನೋಡುವ ದಾರಿಯಿದೆ. ಆದರೆ ಬಳ್ಳಿಯ ರಕ್ತದಿಂದ ಅಮೈನೋ ಆಮ್ಲದ ದೋಷಗಳು ತಿಳಿಯುವುದಿಲ್ಲ, ಏಕೆಂದರೆ ಮಗು ಇನ್ನೂ ಹಾಲು ಕುಡಿದಿರುವುದಿಲ್ಲ, ಅಲ್ಲಿಯತನಕ ತಾಯಿಯ ದೇಹವೇ ಕಸ ತೆಗೆದಿರುತ್ತದೆ. ಅವಧಿಗೆ ಮೊದಲೇ ಹುಟ್ಟಿದ, ತೂಕ ಕಡಿಮೆಯಿರುವ, ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿರುವ (ಎನ್‌ಐಸಿಯು) ಮತ್ತು ಅವಳಿ ಮಕ್ಕಳಿಗೆ ಎರಡು ವಾರದ ಹೊತ್ತಿಗೆ ಇನ್ನೊಮ್ಮೆ ಮಾಡಬೇಕು. ಮಗುವಿಗೆ ರಕ್ತ ಕೊಡುವ ಸಂದರ್ಭ ಬಂದರೆ, ಕೊಡುವ ಮುಂಚೆಯೇ ಹೀರುಕಾಗದದ ಕಾರ್ಡಿಗೆ ಮಗುವಿನ ರಕ್ತ ತೆಗೆದಿಡಿ. ಇಲ್ಲದಿದ್ದರೆ ಪರೀಕ್ಷೆಯಾಗುವುದು ರಕ್ತದಾನಿಯದ್ದು.

ನರ್ಸಿಂಗ್ ವಿದ್ಯಾರ್ಥಿಗಳು ಇಲ್ಲಿದ್ದೀರಿ, ಆದ್ದರಿಂದ ಚುಚ್ಚುವ ಕ್ರಮವನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇವೆ. ಹಿಮ್ಮಡಿಯನ್ನು ಬೆಚ್ಚಗಿನ ಬಟ್ಟೆಯಲ್ಲಿ ಮೂರರಿಂದ ಐದು ನಿಮಿಷ ಸುತ್ತಿಡಿ. ಶಾಖ 42 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಪಾದ ಹೃದಯದ ಮಟ್ಟಕ್ಕಿಂತ ಕೆಳಗಿರಲಿ, ಮಗು ತಾಯಿಯ ಎದೆ ಚೀಪುತ್ತಿದ್ದರೆ ಇನ್ನೂ ಒಳ್ಳೆಯದು, ನೋವು ಕಡಿಮೆಯಾಗುತ್ತದೆ. 70 ಪ್ರತಿಶತದ ಆಲ್ಕೋಹಾಲಿನಿಂದ ಒರೆಸಿ, ಒಣಗಲು ಬಿಡಿ. ಹಸಿ ಇರುವಾಗಲೇ ಚುಚ್ಚಿದರೆ ಆಲ್ಕೋಹಾಲು ರಕ್ತದಲ್ಲಿ ಬೆರೆತು ಕಣಗಳು ಒಡೆಯುತ್ತವೆ. ಹಿಮ್ಮಡಿಯ ಅಡಿಭಾಗದ ಎರಡು ಬದಿಗಳಲ್ಲಿ ಮಾತ್ರ ಚುಚ್ಚಬೇಕು. ನಡುಭಾಗದಲ್ಲಿ, ಹಿಂದಿನ ಬಾಗಿನಲ್ಲಿ ಎಲುಬು ಚರ್ಮಕ್ಕೆ ಹತ್ತಿರವಿದೆ, ಅಲ್ಲಿ ಸೋಂಕಾದರೆ ಎಲುಬಿಗೇ ಇಳಿಯುತ್ತದೆ. ಲ್ಯಾನ್ಸೆಟ್ಟಿನ (ಚುಚ್ಚುವ ಚಿಕ್ಕ ಮೊನೆಯ) ಆಳ 2 ಮಿಲಿಮೀಟರಿನೊಳಗೆ.

ಮೊದಲ ಹನಿಯನ್ನು ಒಣ ಹತ್ತಿಬಟ್ಟೆಯಲ್ಲಿ ಒರೆಸಿಬಿಡಿ. ಅದರಲ್ಲಿ ರಕ್ತಕ್ಕಿಂತ ಅಂಗಾಂಶದ ನೀರು ಹೆಚ್ಚಿರುತ್ತದೆ. ಎರಡನೆಯ ಹನಿ ತಾನಾಗಿ ದೊಡ್ಡದಾಗಿ ತೂಗುವ ತನಕ ಕಾಯಿರಿ. ಅದನ್ನು ಕಾಗದಕ್ಕೆ ತಾಗಿಸಿ, ವೃತ್ತ ಒಂದೇ ಸಲಕ್ಕೆ ತುಂಬಿ ಹಿಂಬದಿಗೂ ಇಳಿಯಬೇಕು. ಸಾಲದೆಂದು ಮೇಲೊಂದು ಹನಿ ಹಾಕಿದರೆ ಪದರ ಕಟ್ಟುತ್ತದೆ, ಹಿಂದಿನಿಂದಲೂ ಹಾಕಿದರೆ ಲೆಕ್ಕ ಇಮ್ಮಡಿಯಾಗುತ್ತದೆ. ಹಿಂಡಿ ಹಿಂಡಿ ತೆಗೆದ ರಕ್ತ ತೆಳುವಾಗಿ, ವೃತ್ತದ ಸುತ್ತ ಹಳದಿ ಉಂಗುರ ಬಿಡುತ್ತದೆ. ಪ್ರಯೋಗಾಲಯದವರು ಈ ಕಾಗದದಿಂದ 3.2 ಮಿಲಿಮೀಟರಿನ ಚಿಕ್ಕ ಬಿಲ್ಲೆ ಕತ್ತರಿಸಿ ಪರೀಕ್ಷಿಸುತ್ತಾರೆ, ಆ ಬಿಲ್ಲೆಯಲ್ಲಿ ಸುಮಾರು 3 ಮೈಕ್ರೋಲೀಟರ್ ರಕ್ತ ಸಮವಾಗಿ ಹರಡಿದೆ ಎಂಬ ನಂಬಿಕೆಯ ಮೇಲೆಯೇ ಇಡೀ ಲೆಕ್ಕ ನಿಂತಿದೆ. ವೃತ್ತವನ್ನು ಬೆರಳಿನಿಂದ ಮುಟ್ಟಬೇಡಿ. ಸ್ಯಾನಿಟೈಸರ್ ಹಚ್ಚಿದ ಕೈಯಿಂದಂತೂ ಬೇಡವೇ ಬೇಡ.

ಇನ್ನು ಒಣಗಿಸುವುದು. ಬಯಲುಸೀಮೆಯ ಅರಸೀಕೆರೆಯಲ್ಲಿ, ಕಡೂರಿನಲ್ಲಿ ಇದೊಂದು ಸಮಸ್ಯೆಯೇ ಅಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯಲ್ಲಿ ಆಷಾಢದ ಮಳೆ ಹಿಡಿದರೆ ಹಪ್ಪಳವೇ ಒಣಗುವುದಿಲ್ಲ. ಕಾರ್ಡನ್ನು ಅಡ್ಡಲಾಗಿ, ರಕ್ತದ ಭಾಗ ಏನಕ್ಕೂ ತಾಗದಂತೆ, ಕೋಣೆಯ ಉಷ್ಣತೆಯಲ್ಲಿ ಕನಿಷ್ಠ ಮೂರು ನಾಲ್ಕು ಗಂಟೆ ಬಿಡಬೇಕು. ಮಳೆಗಾಲದಲ್ಲಿ ಇನ್ನೂ ಹೆಚ್ಚು. ಬೇಗ ಆಗಲೆಂದು ಬಿಸಿಲಿಗೆ, ಹೀಟರಿನ ಮುಂದೆ, ಬಲ್ಬಿನ ಕೆಳಗೆ ಇಟ್ಟರೆ ಕಿಣ್ವಗಳು ಸಾಯುತ್ತವೆ. ಅರೆ ಒಣಗಿದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೂ ಅದೇ ಗತಿ. ಆಗ ಕಿಣ್ವವನ್ನೇ ಅಳೆಯುವ ಜಿ6ಪಿಡಿ (ಕೆಂಪು ರಕ್ತಕಣವನ್ನು ಕಾಯುವ ಕಿಣ್ವ), ಗ್ಯಾಲಕ್ಟೋಸೀಮಿಯಾ, ಬಯೋಟಿನಿಡೇಸ್ ಈ ಮೂರು ಪರೀಕ್ಷೆಗಳಲ್ಲಿ ಏನೂ ಇಲ್ಲದ ಮಗುವಿಗೆ "ಕೊರತೆ" ಎಂದು ವರದಿ ಬರುತ್ತದೆ. ಪೂರ್ತಿ ಒಣಗಿದ ಮೇಲೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಚೀಲಕ್ಕೆ ಹಾಕಿ, 24 ಗಂಟೆಯೊಳಗೆ ಹೊರಡಿಸಿ. "ಹತ್ತು ಕಾರ್ಡು ಸೇರಲಿ, ಒಟ್ಟಿಗೆ ಕಳಿಸೋಣ" ಎಂದು ಕೂರಿಸಿದರೆ, ಶನಿವಾರ ತೆಗೆದದ್ದು ಬುಧವಾರ ಬೆಂಗಳೂರು ಮುಟ್ಟುತ್ತದೆ. ಮೇಪಲ್ ಸಿರಪ್ ಯೂರಿನ್ ಎಂಬ ಕಾಯಿಲೆಯ (ಇದೂ ಅಮೈನೋ ಆಮ್ಲದ ದೋಷವೇ) ಮಗು ಅಷ್ಟರೊಳಗೆ ಕೋಮಾಕ್ಕೆ ಜಾರಿರಬಹುದು.

ಇಷ್ಟೆಲ್ಲ ಸರಿಯಾಗಿ ನಡೆದರೂ ಸರಪಳಿ ಕಡಿಯುವುದು ಬೇರೊಂದು ಕಡೆ: ಫೋನ್ ನಂಬರಿನಲ್ಲಿ. ಮಗುವಿಗಿನ್ನೂ ಹೆಸರಿಲ್ಲ, ಕಾರ್ಡಿನಲ್ಲಿ ತಾಯಿಯ ಹೆಸರಷ್ಟೇ. ಗಂಡನ ನಂಬರು, ಗಂಡನ ಮನೆಯ ವಿಳಾಸ. ಬಾಣಂತಿಯೋ ತವರಿನಲ್ಲಿ, ಬೇಲೂರಿನಿಂದ ಆಚೆ ಯಾವುದೋ ಹಳ್ಳಿಯಲ್ಲಿ, ತೋಟದ ತಗ್ಗಿನಲ್ಲಿ ಸಿಗ್ನಲ್ಲೂ ಇಲ್ಲ. ಟಿಎಸ್‌ಎಚ್ 40 ದಾಟಿದ ಮಗುವನ್ನು ಮೂರು ದಿನದೊಳಗೆ ಕರೆಸಬೇಕು, ಆದರೆ ಕರೆ ಹೋಗುವುದು ಬೆಂಗಳೂರಿನಲ್ಲಿ ಡ್ಯೂಟಿ ಮೇಲಿರುವ ಗಂಡನಿಗೆ. ಆದ್ದರಿಂದ ಕಾರ್ಡಿನಲ್ಲಿ ಮೂರು ನಂಬರು ಬರೆಯಿರಿ: ತವರಿನದ್ದು, ಗಂಡನದ್ದು, ಬಾಣಂತಿ ಎಲ್ಲಿ ಇರುತ್ತಾರೋ ಆ ಊರಿನ ಆಶಾ ಕಾರ್ಯಕರ್ತೆಯದ್ದು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವಿನ ಮನೆಗೆ ಆಶಾ 3, 7, 14, 21, 28, 42ನೇ ದಿನ ಹೇಗೂ ಹೋಗುತ್ತಾರೆ. ಏಳನೇ ದಿನದ ಭೇಟಿಯಲ್ಲಿ "ರಿಪೋರ್ಟ್ ಬಂತಾ?" ಎಂಬ ಒಂದು ಪ್ರಶ್ನೆ ಸೇರಿಸಿಕೊಳ್ಳಿ. ವರದಿ ಬಾರದಿದ್ದರೆ ಎಲ್ಲ ಸರಿಯಿದೆ ಎಂದು ಅರ್ಥವಲ್ಲ, ಕಾರ್ಡು ತಿರಸ್ಕೃತವಾಗಿರಲೂಬಹುದು.

ವರದಿಯ ಅಂಕೆ ಓದುವಾಗಲೂ ಎಚ್ಚರ ಬೇಕು. ಕೆಲವು ಪ್ರಯೋಗಾಲಯಗಳು ಟಿಎಸ್‌ಎಚ್ ಅನ್ನು ಇಡೀ ರಕ್ತದ ಲೆಕ್ಕದಲ್ಲಿ ಕೊಡುತ್ತವೆ, ಕೆಲವು ಸೀರಮ್ ಲೆಕ್ಕದಲ್ಲಿ. ಮೊದಲನೆಯದನ್ನು 2.2ರಿಂದ ಗುಣಿಸಿದರೆ ಎರಡನೆಯದು. ಇಡೀ ರಕ್ತದಲ್ಲಿ 10 ಎಂದು ಬಂದದ್ದನ್ನು "20ಕ್ಕಿಂತ ಕಡಿಮೆ, ಪರವಾಗಿಲ್ಲ" ಎಂದು ಬಿಟ್ಟರೆ, ಅದು ನಿಜದಲ್ಲಿ 22. ಭಾರತೀಯ ಮಕ್ಕಳ ಹಾರ್ಮೋನ್ ತಜ್ಞರ ಸಂಘದ 2018ರ ಮಾರ್ಗಸೂಚಿ ಸೀರಮ್ ಲೆಕ್ಕದಲ್ಲಿ 20 ಮೀರಿದ್ದನ್ನು ಮತ್ತೆ ನೋಡಲು ಹೇಳುತ್ತದೆ.

ಕೊರತೆ ಖಚಿತವಾದರೆ ದಿನಕ್ಕೆ ಕಿಲೋ ತೂಕಕ್ಕೆ 10ರಿಂದ 15 ಮೈಕ್ರೋಗ್ರಾಂ ಲೀವೋಥೈರಾಕ್ಸಿನ್. ಮೂರು ಕಿಲೋ ಮಗುವಿಗೆ 25 ಮೈಕ್ರೋಗ್ರಾಂನ ಒಂದೂವರೆ ಮಾತ್ರೆಯ ಸುತ್ತಮುತ್ತ, ವೈದ್ಯರು ಹೇಳಿದಷ್ಟು. ಎರಡು ಚಮಚದ ನಡುವೆ ಪುಡಿಮಾಡಿ, ಕೆಲವು ಹನಿ ಎದೆಹಾಲಿನಲ್ಲಿ ಕಲಸಿ ಕುಡಿಸಿ. ಒಳಲೆ ತುಂಬ ಹಾಲಿಗೆ ಬೆರೆಸಬೇಡಿ, ಮಗು ಅರ್ಧಕ್ಕೆ ಬಿಟ್ಟರೆ ಔಷಧಿಯೂ ಅರ್ಧವೇ. ಕಬ್ಬಿಣಾಂಶ, ಕ್ಯಾಲ್ಸಿಯಂ ಹನಿಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಮಗು ಚುರುಕಾಯಿತೆಂದು ನಿಲ್ಲಿಸುವಂತಿಲ್ಲ. ಕೊರತೆ ತಾತ್ಕಾಲಿಕವೋ ಶಾಶ್ವತವೋ ಎಂದು ಮಾತ್ರೆ ನಿಲ್ಲಿಸಿ ನೋಡುವುದು ಮೂರು ವರ್ಷ ತುಂಬಿದ ಮೇಲೆ, ಅದೂ ವೈದ್ಯರ ಕಣ್ಣಳತೆಯಲ್ಲಿ.

ಈಗ ಕರಪತ್ರದ ಜೀನ್ ಪರೀಕ್ಷೆಗೆ ಬರೋಣ.

ಹಿಮ್ಮಡಿ ಪರೀಕ್ಷೆ ನೋಡುವುದು ರಕ್ತದಲ್ಲಿ ಈಗ ಏನಾಗುತ್ತಿದೆ ಎನ್ನುವುದನ್ನು. ಜೀನ್ ಪರೀಕ್ಷೆ ಓದುವುದು ಬರೆದಿಟ್ಟ ಪಾಕವಿಧಾನವನ್ನು. ಅಡುಗೆ ಕೆಟ್ಟಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಹುಟ್ಟು ಥೈರಾಯ್ಡ್ ಕೊರತೆಯಲ್ಲಿ ನೂರಕ್ಕೆ ಎಂಬತ್ತರಷ್ಟು ಮಕ್ಕಳಿಗೆ ಗ್ರಂಥಿಯೇ ಸರಿಯಾಗಿ ಬೆಳೆದಿರುವುದಿಲ್ಲ, ಮತ್ತು ಅವರಲ್ಲಿ ಬಹುಪಾಲಿಗೆ ಯಾವ ಜೀನ್ ದೋಷವೂ ಸಿಗುವುದಿಲ್ಲ. ಇನ್ನೂರು ಕಾಯಿಲೆಗಳ ಪಟ್ಟಿಯಲ್ಲಿ "ಹೈಪೋಥೈರಾಯ್ಡ್" ಎಂದು ನೋಡಿ, ಟಿಎಸ್‌ಎಚ್ ಬೇಡವೆಂದು ಬಿಟ್ಟವರ ಮಗು ಇಲ್ಲೇ ಕೈತಪ್ಪುವುದು. ಚಯಾಪಚಯದ, ಅಂದರೆ ಆಹಾರವನ್ನು ದೇಹ ಒಡೆದು ಬಳಸುವಲ್ಲಿನ, ಕಾಯಿಲೆಗಳಲ್ಲೂ ಅಷ್ಟೇ. ಕ್ಯಾಲಿಫೋರ್ನಿಯಾದ ಮಕ್ಕಳ ಒಣರಕ್ತದ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜೀನ್ ಓದು ಹಿಡಿದದ್ದು ಶೇಕಡಾ 88, ಮಾಸ್ ಸ್ಪೆಕ್ಟ್ರೋಮೆಟ್ರಿ ಎಂಬ ರಾಸಾಯನಿಕ ಪರೀಕ್ಷೆ ಹಿಡಿದದ್ದು ಶೇಕಡಾ 99.

ಯಂತ್ರದ ಮಿತಿಯೂ ಇದೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಹುಟ್ಟುದೋಷಕ್ಕೆ ಕಾರಣವಾದ ಜೀನಿನ ಪಕ್ಕದಲ್ಲೇ ಅದರಂತೆಯೇ ಕಾಣುವ, ಕೆಲಸ ಮಾಡದ ಇನ್ನೊಂದು ಪ್ರತಿ ಇದೆ. ತುಂಡು ತುಂಡಾಗಿ ಓದುವ ಯಂತ್ರ ಇದರ ತುಂಡನ್ನು ಅದಕ್ಕೆ ಹಚ್ಚಿಬಿಡುತ್ತದೆ. ಇದೇ ಕಾಯಿಲೆಯಲ್ಲಿ ಕಾಲವೂ ಆಟವಾಡುತ್ತದೆ. ಹೆಣ್ಣುಮಗುವಿನಲ್ಲಿ ಜನನಾಂಗದ ವ್ಯತ್ಯಾಸ ಕಂಡು ಅನುಮಾನ ಬರುತ್ತದೆ, ಗಂಡುಮಗು ಸರಿಯಾಗಿಯೇ ಕಾಣುತ್ತದೆ. ಎರಡನೇ ವಾರದಲ್ಲಿ ವಾಂತಿ, ತೂಕ ಇಳಿಕೆ, ರಕ್ತದ ಸೋಡಿಯಂ ಕುಸಿತ. ಜೀನ್ ವರದಿಗೆ ಸಾಮಾನ್ಯವಾಗಿ ಮೂರು ನಾಲ್ಕು ವಾರ ಹಿಡಿಯುತ್ತದೆ. ವರದಿ ಬರುವಷ್ಟರಲ್ಲಿ ಮಗು ಉಳಿದಿರಬೇಕಲ್ಲ? ಅದಕ್ಕೆ 17-ಒಎಚ್‌ಪಿ ಎಂಬ ಹಾರ್ಮೋನ್ ಅಳತೆಯೇ ಗತಿ.

ಹಾಗಾದರೆ ಜೀನ್ ಪರೀಕ್ಷೆ ಎಲ್ಲಿ ಗೆಲ್ಲುತ್ತದೆ? ರಕ್ತದಲ್ಲಿ ಯಾವ ರಾಸಾಯನಿಕ ಸುಳಿವೂ ಇಲ್ಲದ, ಆದರೆ ಬೇಗ ತಿಳಿದರೆ ಮಾಡಬಹುದಾದ್ದು ಇರುವ ಕಾಯಿಲೆಗಳಲ್ಲಿ. ಸ್ನಾಯುಗಳು ಸೋಲುತ್ತಾ ಹೋಗುವ ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ ಒಳ್ಳೆಯ ಉದಾಹರಣೆ. ಎಸ್‌ಎಂಎನ್1 ಜೀನಿನ ಒಂದು ತುಂಡು ಎರಡೂ ಪ್ರತಿಗಳಲ್ಲಿ ಇಲ್ಲದಿರುವುದೇ ಶೇಕಡಾ 95ರಷ್ಟು ರೋಗಿಗಳಲ್ಲಿ ಕಾರಣ. ಅದೊಂದನ್ನೇ ಹುಡುಕುವ ಪರೀಕ್ಷೆ ಸರಳ, ಇಡೀ ಜೀನೋಮ್ (ಎಲ್ಲ ಜೀನುಗಳ ಪೂರ್ತಿ ಬರಹ) ಓದಬೇಕಿಲ್ಲ. ಸ್ನಾಯು ಸೋಲುವ ಮೊದಲೇ ಚಿಕಿತ್ಸೆ ಶುರುವಾದರೆ ಮಗು ಕೂರುತ್ತದೆ, ಹಲವರು ನಡೆಯುತ್ತಾರೆ. ಸೋತ ಮೇಲೆ ಕೊಟ್ಟರೆ ಉಳಿದದ್ದನ್ನು ಕಾಯಬಹುದು, ಅಷ್ಟೇ. ಒಂದೇ ಸಲ ಕೊಡುವ ಜೀನ್ ಚಿಕಿತ್ಸೆಯ ಬೆಲೆ 16 ಕೋಟಿಯ ಸುಮಾರು ಎಂದು ನೀವೆಲ್ಲ ಪತ್ರಿಕೆಯಲ್ಲಿ ಓದಿದ್ದೀರಿ. ಬಾಯಿಗೆ ಹಾಕುವ ರಿಸ್ಡಿಪ್ಲಾಮ್ ಕೂಡ ಇದೆ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಗುರುತಿಸಿದ ಕೇಂದ್ರಗಳಲ್ಲಿ 50 ಲಕ್ಷದವರೆಗೆ ನೆರವು ಸಿಗುತ್ತದೆ. ನಮಗೆ ಹತ್ತಿರದ್ದು ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ.

ಇನ್ನೊಂದು, ಅಷ್ಟಾಗಿ ಚರ್ಚೆಗೆ ಬಾರದ್ದು. ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೋಕಾಂಡ್ರಿಯದ ಜೀನಿನಲ್ಲಿ 1555ನೇ ಜಾಗದ ಒಂದು ಅಕ್ಷರ ಬದಲಾಗಿದ್ದರೆ, ಜೆಂಟಾಮೈಸಿನ್, ಅಮಿಕಾಸಿನ್ ಗುಂಪಿನ ಇಂಜೆಕ್ಷನ್ನಿನಿಂದ ಕಿವಿ ಶಾಶ್ವತವಾಗಿ ಹೋಗಬಹುದು. ಮಾಮೂಲಿ ಡೋಸಿನಲ್ಲೇ. ಇದು ತಾಯಿಯಿಂದ ಮಾತ್ರ ಬರುತ್ತದೆ, ಆದ್ದರಿಂದ ಮಗುವಿನಲ್ಲಿ ಸಿಕ್ಕರೆ ತಾಯಿ, ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅಕ್ಕತಂಗಿಯರ ಮಕ್ಕಳು ಎಲ್ಲರೂ ಆ ಇಂಜೆಕ್ಷನ್ ಬೇಡವೆಂದು ಹೇಳಬೇಕು. ಚಿಕಿತ್ಸೆಗೆ ಒಂದು ರೂಪಾಯಿ ಖರ್ಚಿಲ್ಲ. ಇಂಥ ಉತ್ತರ ಕೊಡುವ ಪರೀಕ್ಷೆಗೆ ದುಡ್ಡು ಕೊಟ್ಟರೆ ಸಾರ್ಥಕ.

ತಪ್ಪು ಪಾಸಿಟಿವ್ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. 50 ಸಾವಿರಕ್ಕೆ ಒಬ್ಬರಿಗೆ ಬರುವ ಕಾಯಿಲೆ, ಸಾವಿರಕ್ಕೆ ಒಂದೇ ಸಲ ತಪ್ಪುವ ಪರೀಕ್ಷೆ ಎಂದಿಟ್ಟುಕೊಳ್ಳೋಣ. 50 ಸಾವಿರ ಮಕ್ಕಳಲ್ಲಿ ನಿಜವಾದ ರೋಗಿ ಒಬ್ಬ, ಸುಮ್ಮನೆ ಹೆದರಿಸಿದ್ದು 50 ಮನೆ. ಇಂಥ ನೂರು ಕಾಯಿಲೆಗಳನ್ನು ಒಂದೇ ಪ್ಯಾಕೇಜಿಗೆ ಸೇರಿಸಿದರೆ ಹೆದರಿಕೆಯೂ ಕೂಡುತ್ತಾ ಹೋಗುತ್ತದೆ. ಆದ್ದರಿಂದ ಸ್ಕ್ರೀನಿಂಗ್ ಪಾಸಿಟಿವ್ ಎಂದರೆ ಕಾಯಿಲೆ ಇದೆ ಎಂದಲ್ಲ, ಮುಂದಿನ ಪರೀಕ್ಷೆ ತುರ್ತಾಗಿ ಬೇಕು ಎಂದಷ್ಟೇ.

ವರದಿಯಲ್ಲಿ "ಅರ್ಥ ಖಚಿತವಿಲ್ಲದ ಬದಲಾವಣೆ" ಎಂಬ ಸಾಲು ಬರಬಹುದು. ವಂಶವಾಹಿಯಲ್ಲಿ ಅಕ್ಷರ ಬದಲಾಗಿದೆ, ಅದು ರೋಗ ತರುವುದೋ ಇಲ್ಲವೋ ಯಾರಿಗೂ ಗೊತ್ತಿಲ್ಲ ಎಂದು ಅರ್ಥ. ನಮ್ಮವರ ಜೀನೋಮ್ ದಾಖಲೆಗಳು ಬಹಳ ಕಾಲ ಕಡಿಮೆಯಿದ್ದದ್ದೂ ಇದಕ್ಕೊಂದು ಕಾರಣ. 10 ಸಾವಿರ ಭಾರತೀಯರ ಜೀನೋಮ್ ಮಾಹಿತಿ 2025ರ ಜನವರಿಯಲ್ಲಷ್ಟೇ ಸಂಶೋಧಕರಿಗೆ ತೆರೆಯಿತು. ನವಜಾತ ಶಿಶುವಿನ ಸ್ಕ್ರೀನಿಂಗ್ ವರದಿಯಲ್ಲಿ ಇಂಥ ಸಾಲುಗಳನ್ನು ಕೊಡಲೇಬಾರದು ಎಂಬುದು ನಮ್ಮ ನಿಲುವು. ನಲವತ್ತನೇ ವಯಸ್ಸಿನಲ್ಲಿ ಬರಬಹುದಾದ ಕ್ಯಾನ್ಸರಿನ ಬಿಆರ್‌ಸಿಎ ಜೀನ್, ಮದ್ದಿಲ್ಲದ ಹಂಟಿಂಗ್ಟನ್ ಕಾಯಿಲೆ ಇವೂ ಬೇಡ. ತಿಳಿದುಕೊಳ್ಳುವುದೋ ಬಿಡುವುದೋ ಎಂಬ ಆಯ್ಕೆ ಆ ಮಗು ದೊಡ್ಡದಾದ ಮೇಲೆ ಅದರದ್ದೇ.

ಸೋದರಮಾವನನ್ನೋ ಅತ್ತೆಮಗನನ್ನೋ ಮದುವೆಯಾದವರು ಈ ಸಭೆಯಲ್ಲೂ ಇದ್ದೀರಿ. ಇದರಲ್ಲಿ ನಾಚಿಕೆಪಡುವಂಥದ್ದಿಲ್ಲ, ಆದರೆ ಲೆಕ್ಕ ತಿಳಿದಿರಲಿ. ಅಪರೂಪದ ದೋಷ ಅಪ್ಪ ಅಮ್ಮ ಇಬ್ಬರಿಂದಲೂ ಬಂದಾಗ ಮಾತ್ರ ಕಾಯಿಲೆಯಾಗುವ ಜೀನುಗಳಿವೆ. ಒಂದೇ ಮನೆತನದವರಲ್ಲಿ ಅದೇ ದೋಷ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು; ಸೋದರಮಾವ–ಸೊಸೆಯ ಮಗುವಿನಲ್ಲಿ ಯಾವುದೇ ಜೀನಿನ ಎರಡೂ ಪ್ರತಿ ಒಂದೇ ಮೂಲದಿಂದ ಬಂದಿರುವ ಸಂಭವ ಎಂಟಕ್ಕೆ ಒಂದು, ಅತ್ತೆಮಗ–ಮಾವನಮಗಳ ಮಗುವಿನಲ್ಲಿ ಹದಿನಾರಕ್ಕೆ ಒಂದು. ಇಂಥ ಮನೆಗಳಲ್ಲಿ, ಮೊದಲೊಂದು ಮಗು ಕಾರಣ ತಿಳಿಯದೆ ತೀರಿಕೊಂಡಿದ್ದರಂತೂ, ವಿಸ್ತೃತ ಪರೀಕ್ಷೆ ಮಾಡಿಸಿ ಎಂದು ಧೈರ್ಯವಾಗಿ ಹೇಳುತ್ತೇವೆ. ಮತ್ತೆ, ವಾಹಕ (ಒಂದು ಪ್ರತಿಯಲ್ಲಿ ಮಾತ್ರ ದೋಷವಿರುವವರು) ಎಂದರೆ ರೋಗಿಯಲ್ಲ. "ಹುಡುಗಿಗೆ ಜೀನ್ ದೋಷವಂತೆ" ಎಂದು ಊರಿಗೆ ಹಬ್ಬಿಸಬೇಡಿ, ಸೊಸೆಯನ್ನು ದೂರಬೇಡಿ.

ಕಾಫಿ ತೋಟಗಳಿಗೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕುಟುಂಬಗಳ ಹೆರಿಗೆಗಳೂ ಈಗ ಇಲ್ಲೇ ಆಗುತ್ತಿವೆ. ಅವರಲ್ಲಿ ಹೀಮೋಗ್ಲೋಬಿನ್ ಇ (ಹೀಮೋಗ್ಲೋಬಿನ್ನಿನ ಒಂದು ಬದಲಾದ ರೂಪ), ಸಿಕಲ್ ಸೆಲ್ ನೋಡುವುದು ಮುಖ್ಯ. ಇದಕ್ಕೆ ಹೀಮೋಗ್ಲೋಬಿನ್ ವಿಧಗಳನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿ ಪರೀಕ್ಷೆ ಬೇಕು. ಬುದ್ಧಿವಂತಿಕೆಯೆಂದು ಹಳೆಯ ಸಾಲ್ಯುಬಿಲಿಟಿ ಪರೀಕ್ಷೆ ಮಾಡಿದರೆ ಆರು ತಿಂಗಳೊಳಗಿನ ಮಗುವಿನಲ್ಲಿ ಸಿಕಲ್ ಕಾಣದೇ ಹೋಗುತ್ತದೆ, ಭ್ರೂಣದ ಹೀಮೋಗ್ಲೋಬಿನ್ನೇ ಇನ್ನೂ ತುಂಬಿರುತ್ತದೆ.

ಸಹಿ ಹಾಕುವ ಮುನ್ನ ಏನು ಕೇಳಬೇಕು? ಪಟ್ಟಿಯಲ್ಲಿರುವ ಕಾಯಿಲೆಗಳಲ್ಲಿ ಎಷ್ಟಕ್ಕೆ ಚಿಕಿತ್ಸೆಯಿದೆ, ವರದಿ ಎಷ್ಟು ದಿನಕ್ಕೆ, ಪಾಸಿಟಿವ್ ಬಂದರೆ ಖಚಿತಪಡಿಸುವ ಪರೀಕ್ಷೆಯ ದುಡ್ಡು ಇದರಲ್ಲೇ ಸೇರಿದೆಯೋ, ವಿವರಿಸಿ ಹೇಳುವ ತಳಿತಜ್ಞರು ಫೋನಿಗಾದರೂ ಸಿಗುತ್ತಾರೋ, ಉಳಿದ ರಕ್ತ ಮತ್ತು ಮಾಹಿತಿಯನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ, ಬೇರೆಯವರಿಗೆ ಕೊಡುತ್ತೀರಾ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಗುವಿನ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಕೊನೆಯ ಎರಡು ಪ್ರಶ್ನೆಗೆ ತಡವರಿಸುವವರ ಪ್ಯಾಕೇಜನ್ನು ಬಿಡಿ.

ಸಭಿಕರ ಪ್ರಶ್ನೆಗಳು

"ನಾಮಕರಣ ಆದ್ಮೇಲೆ ಮಾಡಿಸಿದ್ರೆ ಆಗಲ್ವಾ?" ಎಂದು ಒಬ್ಬ ಅಜ್ಜಿ ಕೇಳಿದರು. ಆಗುವುದಿಲ್ಲ ಅಜ್ಜಿ. ಹನ್ನೊಂದನೇ ದಿನದ ಮೇಲೆ ಎಂದರೆ ಅಡ್ರಿನಲ್ ದೋಷದ ಮಗುವಿಗೆ ಆಗಲೇ ತಡ. ಹಸಿಗೂಸಿಗೆ ಸೂಜಿ ಬೇಡವೆನ್ನಿಸಿದರೆ, ಬಿಸಿಜಿ ಚುಚ್ಚುವ ದಿನಗಳಲ್ಲೇ ಇದೂ ಒಂದು ಎಂದುಕೊಳ್ಳಿ.

"ಮಗುಗೆ ಮೂರು ತಿಂಗಳು, ಏನೂ ಮಾಡಿಸಿಲ್ಲ." ನಾಳೆಯೇ ಟಿಎಸ್‌ಎಚ್ ಮತ್ತು ಫ್ರೀ ಟಿ4 ಮಾಡಿಸಿ, ಕೈಯಿಂದ ರಕ್ತ ತೆಗೆದು ಮಾಡುವ ಸಾಧಾರಣ ಪರೀಕ್ಷೆ. ತಡವಾದರೂ ಮಾತ್ರೆಯಿಂದ ಲಾಭವಿದ್ದೇ ಇದೆ. ಬೆಳವಣಿಗೆಯ ಬಗ್ಗೆ ಅನುಮಾನವಿದ್ದರೆ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ, ಚಿಕ್ಕಮಗಳೂರಿನವರು ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗಕ್ಕೆ ತೋರಿಸಿ.

"ಜಿ6ಪಿಡಿ ಕೊರತೆ ಅಂತ ಬಂದಿದೆ, ಮಗು ಚೆನ್ನಾಗಿದೆ, ಏನ್ಮಾಡ್ಬೇಕು?" ಮೊದಲು ಸರಿಯಾಗಿ ಒಣಗಿದ ಕಾರ್ಡಿನಿಂದ ಬಂದ ವರದಿಯೋ ಎಂದು ನೋಡಿ, ಎರಡನೇ ಸಲ ಅಳೆಸಿ. ಖಚಿತವಾದರೆ ಔಷಧಿ ಬೇಡ, ಜಾಗರೂಕತೆ ಸಾಕು. ಟ್ರಂಕಿನಲ್ಲಿ ಡಾಂಬರು ಗುಳಿಗೆ ಹಾಕಿಟ್ಟ ಹಳೆಯ ಸ್ವೆಟರು, ಕುಲಾವಿ, ಕಂಬಳಿಯನ್ನು ಮಗುವಿಗೆ ಸುತ್ತಬೇಡಿ. ಒಗೆದು ಬಿಸಿಲಿಗೆ ಹಾಕಿದರೂ ಬೇಡ, ಬೇರೆಯದ್ದೇ ತನ್ನಿ. ಆ ಗುಳಿಗೆಯ ಘಾಟಿಗೇ ಕೆಂಪು ರಕ್ತಕಣ ಒಡೆದು ಕಾಮಾಲೆ ಏರುತ್ತದೆ. ಮುಂದೆ ಮಲೇರಿಯಾ ಬಂದರೆ ಪ್ರೈಮಾಕ್ವಿನ್ ಕೊಡುವ ಮುನ್ನ ವೈದ್ಯರಿಗೆ ಹೇಳಬೇಕು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅಂದೇ ಆಸ್ಪತ್ರೆಗೆ. ತಾಯಿ ಕಾರ್ಡಿನ ಮೊದಲ ಪುಟದಲ್ಲೇ "ಜಿ6ಪಿಡಿ ಕೊರತೆ" ಎಂದು ದಪ್ಪಕ್ಷರದಲ್ಲಿ ಬರೆಸಿ, ಪುಟದ ಫೋಟೋ ತೆಗೆದು ಮನೆಯವರೆಲ್ಲರ ಮೊಬೈಲಿಗೆ ಕಳಿಸಿಡಿ.